ಪರಂಪರೆಯ ನೀಲಿ

ಸೇತುವೆಯ ಮೇಲಿದ್ದವರೆಲ್ಲ ಕ್ಯಾಮೆರಾ ಕೆಳಗಿಳಿಸಿ ನಿಂತಿದ್ದರು. ಅದು ರೈಲೆಂಜಿನ್ನಿನ ಫೋಟೊ ತೆಗೆಯುವ ಹುಚ್ಚಿನ ಆ ಗುಂಪಿನ ಕಟ್ಟಳೆ. ಯಾವುದಾದರೊಂದು ಗೂಡ್ಸ್ ಎಂಜಿನ್ನಿಗೆ ಹಳೆಯ ಕಾಲದ ಬಣ್ಣ ಬಳಿದು ಶೆಡ್ಡಿನಿಂದ ಹೊರಗೆ ಬಿಡುವ ದಿನ, ಆ ಬಣ್ಣಕ್ಕೆ ಆಧಾರವಾದ ಫೋಟೊ ಯಾರು ಹುಡುಕಿ ಕೊಟ್ಟಿರುತ್ತಾರೋ ಮೊದಲ ಕ್ಲಿಕ್ಕು ಅವರದು. ಅವರ ಕ್ಯಾಮೆರಾ ಸದ್ದು ಮಾಡುವವರೆಗೆ ಉಳಿದವರು ಬರಿಗಣ್ಣಲ್ಲಿ ನೋಡಬೇಕು, ಅಷ್ಟೆ. ಬಸ್ಸಿನ ಮೇಲೆ ಬಸ್ಸು ಬದಲಿಸಿ ಬಂದವರು, ಆಫೀಸಿಗೆ ಹೊಟ್ಟೆನೋವಿನ ಸುಳ್ಳು ಹೇಳಿ ಬಂದವರು, ಎಲ್ಲರೂ ಆ ಕಟ್ಟಳೆಗೆ ತಲೆಬಾಗಿ ಕಂಬಿಗೆ ಒರಗಿದ್ದರು. ಇವತ್ತಿನ ಮೊದಲ ಕ್ಲಿಕ್ಕು ಅಳಿಯನದು.

ಗುಂಪಿನವರು ಅವನನ್ನು 'ಹಲ್ಲು' ಎಂದು ಕರೆಯುತ್ತಿದ್ದರು. ದಂತವೈದ್ಯರಿಗೆ ಹಲ್ಲುಸೆಟ್ಟು ಮಾಡಿಕೊಡುವುದು ಅವನ ಕಸುಬು. ಆದರೆ ಇವತ್ತು ಅವನಿಗೆ ಮರ್ಯಾದೆ ಬಂದಿದ್ದು ಅಳಿಯನೆಂಬ ಕಾರಣಕ್ಕೇ. ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಮಾವ ಕೂತಿದ್ದರು. ಇಸ್ತ್ರಿ ಹಾಕಿದ ಶರಟು, ಮೊಣಕಾಲ ಮೇಲೆ ಎರಡೂ ಕೈ. ಈ ಶೆಡ್ಡಿನ ಗೂಡ್ಸ್ ಗಾಡಿಗಳನ್ನು ಓಡಿಸುತ್ತಲೇ ಕೂದಲು ಹಣ್ಣಾದವರು. ಅವರು ಹರೆಯದಲ್ಲಿ ಹೊಸ ಎಂಜಿನ್ನಿನ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡ ಫೋಟೊವೇ ಈ ಬಣ್ಣಕ್ಕೆ ಆಧಾರ. ಕುರ್ಚಿಯ ಹಿಂದೆ, ಅಪ್ಪನ ಹೆಗಲ ಮೇಲೆ ಕೈಯಿಟ್ಟುಕೊಂಡು ಅವನ ಹೆಂಡತಿ ನಿಂತಿದ್ದಳು.

ಮೊದಲು ಹಾರ್ನ್ ಕೇಳಿಸಿತು. ಶೆಡ್ಡಿನ ಕತ್ತಲೊಳಗಿಂದ ಬಫರ್ ಕಾಣಿಸಿತು, ಆಮೇಲೆ ಮೂತಿ, ಆಮೇಲೆ ಉದ್ದನೆಯ ಮೈ. ಸ್ವಲ್ಪ ಬೂದಿ ಬೆರೆಸಿದಂಥ ತಣ್ಣನೆಯ ನೀಲಿ. ನಡುವಿಗೆ ಹಾಲಿನ ಬಿಳುಪಿನ ಪಟ್ಟಿ. ಸೇತುವೆಯ ಮೇಲೆ ಯಾರೋ ಉಸಿರೆಳೆದುಕೊಂಡರು. ಅಳಿಯ ಒಂದು ಕಣ್ಣು ಮುಚ್ಚಿ, ಬೆರಳನ್ನು ಗುಂಡಿಯ ಮೇಲಿಟ್ಟು, ಎಂಜಿನ್ನಿನ ಮೂತಿ ಸಿಗ್ನಲ್ ಕಂಬ ದಾಟಲಿ ಎಂದು ಕಾಯುತ್ತಿದ್ದ. ಎಲ್ಲರ ಕಣ್ಣೂ ಎಂಜಿನ್ನಿನ ಮೇಲಿದ್ದ ಆ ಗಳಿಗೆಯಲ್ಲಿ ಮಾವ ಬಾಯಿ ಬಿಟ್ಟರು.

"ಅಳಿಯಂದ್ರೇ, ಇದಲ್ಲ."

ಅವನು ತಿರುಗಲಿಲ್ಲ.

"ಇದಲ್ಲಪ್ಪ. ನಮ್ಮ ಎಂಜಿನ್ನು ಹಸಿರು ಇತ್ತು."

ಬೆರಳು ತಾನಾಗಿಯೇ ಒತ್ತಿಬಿಟ್ಟಿತು. ಅಲ್ಲಿಗೆ ಕಟ್ಟಳೆ ಮುಗಿಯಿತು. ಕಾದ ಬಾಣಲೆಯಲ್ಲಿ ಕಾಳು ಸಿಡಿದ ಹಾಗೆ ಸೇತುವೆಯುದ್ದಕ್ಕೂ ಕ್ಯಾಮೆರಾಗಳು ಸಿಡಿದವು. ಕೊಕ್ಕರೆ ಎಂದು ಹೆಸರಾಗಿದ್ದ ಉದ್ದ ಕಾಲಿನವನು ಕ್ಯಾಮೆರಾದಿಂದ ಕಣ್ಣು ತೆಗೆಯದೆಯೇ ಕೂಗಿದ, "ತಾತಾ, ಮೆಲ್ಲಗೆ! ಬಣ್ಣ ಇನ್ನೂ ಒಣಗಿಲ್ಲ. ಕೇಳಿಸ್ಕೊಂಡು ಮೈ ಬಿಟ್ಟೀತು!"

ಎಲ್ಲರೂ ನಕ್ಕರು. ಅಳಿಯನೂ ನಕ್ಕ. ಹೆಂಡತಿ ಮಾತ್ರ ನಗಲಿಲ್ಲ.

ಕೆಳಗೆ ಶೆಡ್ಡಿನ ಅಂಗಳದಲ್ಲಿ ಪೇಪರ್ ಲೋಟಗಳಲ್ಲಿ ಚಹಾ ಕೊಟ್ಟರು. ಶೆಡ್ಡಿನ ಸಾಹೇಬರು ಮಾವನ ಕೈ ಕುಲುಕಿ, ಎಂಜಿನ್ನಿನ ಪಕ್ಕೆಯ ಮೇಲೆ ಕೂರಿಸಿದ್ದ ಅಂಗೈಯಗಲದ ಹಿತ್ತಾಳೆ ತಗಡು ತೋರಿಸಿದರು. ಬಣ್ಣದ ಆಧಾರ ಯಾರ ಸಂಗ್ರಹದ್ದೆಂದು ಅದರ ಮೇಲೆ ಬರೆದಿತ್ತು. ಮಾವನ ಹೆಸರು, ಅದರ ಕೆಳಗೆ ಅಳಿಯನ ಹೆಸರು.

"ನೋಡಿ ಯಜಮಾನ್ರೇ, ನಿಮ್ಮ ಕಾಲದ ಬಣ್ಣ ವಾಪಸ್ ತಂದಿದೀವಿ. ಖುಷಿಯಾಯ್ತಾ?"

"ಒಳ್ಳೇ ಕೆಲಸ ಸಾರ್. ಪೇಂಟು ತುಂಬ ನುಣುಪಾಗಿ ಕೂತಿದೆ," ಎಂದರು ಮಾವ. "ಆದ್ರೆ ನೀಲಿ ಯಾಕೆ ಹೊಡೆದ್ರಿ?"

ಸಾಹೇಬರು ಅಳಿಯನ ಮುಖ ನೋಡಿದರು. ಆ ಬಗೆಯ ಎಂಜಿನ್ನುಗಳು ಆ ಬಣ್ಣದಲ್ಲಿ ಓಡಿದ್ದು ಕೆಲವೇ ವರ್ಷ. ಆಮೇಲೆ ಎಲ್ಲವಕ್ಕೂ ಒಂದೇ ಇಟ್ಟಿಗೆ ಬಣ್ಣ ಬಂತು. ಉಗ್ರಾಣದ ಹಳೇ ಕಾಗದಪತ್ರವೆಲ್ಲ ಗೆದ್ದಲಿನ ಪಾಲಾಗಿತ್ತು. ಉಳಿದ ಫೋಟೊಗಳೆಲ್ಲ ಕಪ್ಪು ಬಿಳುಪು. ಬಣ್ಣದ್ದು ಅಂತ ಇದ್ದದ್ದು ಮಾವನ ಮನೆಯ ಗೋಡೆಯಲ್ಲಿ ತೂಗಿದ್ದ ಆ ಒಂದೇ ಫೋಟೊ. ಮಾವನ ಜೊತೆಗಾರ ಇನ್ನೊಬ್ಬ ಮುದಿ ಡ್ರೈವರ್ ಅಲ್ಲೇ ಬೆಂಚಿನ ಮೇಲಿದ್ದರು. ಅವರನ್ನು ಕೇಳಿದ್ದಕ್ಕೆ, "ಹಸಿರೋ ನೀಲಿಯೋ, ಯಾವನಿಗೆ ನೆನಪಿದೆ? ನಾವು ಕಂಡಿದ್ದು ಬರೀ ಮಸಿ," ಎಂದು ಬಿಸ್ಕತ್ತಿಗೆ ಕೈ ಹಾಕಿದರು.

ಅಳಿಯ ಫೋನು ತೆಗೆದು, ಫೋಟೊ ದೊಡ್ಡದು ಮಾಡಿ ಮಾವನ ಮುಂದೆ ಹಿಡಿದ. ಸುತ್ತ ಗುಂಪು ಸೇರಿತ್ತು.

"ಇದು ಯಾರು ಮಾವ?"

"ನಾನೇ. ಆ ಶರಟು ನಿಮ್ಮತ್ತೆ ಹೊಲಿದಿದ್ದು. ಒಂದು ತೋಳು ಗಿಡ್ಡ."

"ಎಂಜಿನ್ನು ಯಾವ ಬಣ್ಣ ಇದೆ?"

ಮಾವ ಫೋನನ್ನು ದೂರ ಹಿಡಿದರು, ಹತ್ತಿರ ತಂದರು. "ನೀಲಿ ಕಾಣ್ತಿದೆ."

"ಮತ್ತೆ?"

"ಕಾಣ್ತಿದೆ. ಆದ್ರೆ ಇರ್ಲಿಲ್ಲ."

ಕೊಕ್ಕರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಅಳಿಯ ಅದನ್ನು ನೋಡಿದ. ಮಗುವಿಗೆ ಹೇಳುವವನ ಹಾಗೆ ದನಿ ತಗ್ಗಿಸಿ, ಎಲ್ಲರಿಗೂ ಕೇಳಿಸುವಷ್ಟೇ ತಗ್ಗಿಸಿ, "ಫೋಟೊ ಸುಳ್ಳು ಹೇಳಲ್ಲ ಮಾವ. ವಯಸ್ಸಾಯ್ತು ನೋಡಿ, ನಮಗೇ ಮರೆಯತ್ತೆ," ಎಂದ. ಮಾವ ಫೋನನ್ನು ಹಿಂದಕ್ಕೆ ಕೊಟ್ಟರು. ಎಂಜಿನ್ನಿನ ಮೈಮೇಲೆ ಒಮ್ಮೆ ಅಂಗೈಯಿಟ್ಟು, ಬಣ್ಣ ಅಂಟಿತೇನೋ ಎಂಬಂತೆ ಕೈ ತಿರುಗಿಸಿ ನೋಡಿಕೊಂಡರು. ಅಪ್ಪನ ಹೆಗಲ ಮೇಲಿದ್ದ ಹೆಂಡತಿಯ ಕೈ ಯಾವಾಗ ಸರಿದಿತ್ತೋ ಅಳಿಯನಿಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಮಾವನಿಗೆ ಮುಂದಿನ ಸೀಟು ಸಿಕ್ಕಿತು. ಗಂಡ ಹೆಂಡತಿ ಹಿಂದೆ ನಿಂತರು.

"ಬೋಲ್ಟು ತಂದಿಟ್ಟಿದೀನಿ," ಎಂದಳು ಅವಳು.

ಮನೆಯಲ್ಲಿ ಈ ಮಾತು ಹೊಸತಲ್ಲ. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಲ್ಲುವವಳು. ಮನೆಗೆ ಬಂದರೆ ಗ್ಯಾಸಿನ ಮೇಲೆ ಸುಟ್ಟು ಕರಕಲಾದ ಪಾತ್ರೆ. ಇನ್ನೊಂದು ದಿನ ಅಪ್ಪ ಯಾರ್ಡಿನಲ್ಲಿ ಹಳಿಗಳ ನಡುವೆ ನಿಂತಿದ್ದಾರೆಂದು ಯಾರೋ ಫೋನು ಮಾಡಿದ್ದರು. ದಿನಾ ಮಧ್ಯಾಹ್ನ ಗೂಡ್ಸ್ ಗಾಡಿ ನೋಡಲು ಸೇತುವೆಯವರೆಗೆ ಹೋಗಿಬರುವುದು ಮಾವನ ರೂಢಿ. ಅವತ್ತು ಸೇತುವೆ ಹತ್ತುವ ಬದಲು ಕೆಳಗಿಳಿದಿದ್ದರು. "ಹೊರಗಿಂದ ಬೋಲ್ಟು ಹಾಕ್ಕೊಂಡು ಹೋಗೋಣ," ಎಂದು ಅವಳು ಅಂದಾಗೆಲ್ಲ ಅಳಿಯನೇ ಅಡ್ಡ ಬಂದಿದ್ದ. ಮನೆಯೇನೋ ಮಾವನದೇ. ಅವರ ಮನೆಯಲ್ಲಿ ಅವರನ್ನೇ ಕೂಡಿಹಾಕುವುದೇ? "ಎಂಜಿನ್ನಿನ ವಿಷಯ ಏನಾದ್ರೂ ಕೇಳು, ಒಂದಕ್ಷರ ತಪ್ಪಲ್ಲ. ಬುದ್ಧಿ ಕೆಟ್ಟವರು ಹೀಗೆ ಹೇಳ್ತಾರಾ?" ಎಂದು ವಾದ ಹೂಡಿದ್ದ. ಬಣ್ಣ ಬಳಿದ ಎಂಜಿನ್ನು ಹೊರಬರುವ ದಿನ ನೋಡೋಣ ಎಂಬಲ್ಲಿಗೆ ಮಾತು ನಿಂತಿತ್ತು.

"ಒಂದು ಬಣ್ಣಕ್ಕೆ ಯಾಕೆ ಇಷ್ಟೊಂದು?" ಎಂದ ಈಗ.

"ಬಣ್ಣಕ್ಕಲ್ಲ ರೀ. ಅಮ್ಮನ ಹೆಸರು ಮರೆತ್ರೂ ಆ ಎಂಜಿನ್ನು ಮರೆಯಲ್ಲ ಅಂದ್ಕೊಂಡಿದ್ದೆ. ನೀವೇ ಹೇಳಿದ್ದು."

ಮುಂದಿನ ಸೀಟಿನಲ್ಲಿ ಮಾವ ಕಿಟಕಿಯ ಗಾಜಿಗೆ ತಲೆಯಾನಿಸಿ ಕೂತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ.

ಊಟವಾದ ಮೇಲೆ ಸಾಹೇಬರ ಫೋನು ಬಂತು. ಮೂಲ ಫೋಟೊವನ್ನು ಶೆಡ್ಡಿನ ಗಾಜಿನ ಕಪಾಟಿನಲ್ಲಿ ಇಡೋಣ, ಒಂದೆರಡು ದಿನದಲ್ಲಿ ತಲುಪಿಸಿ ಎಂದರು. ಗುಂಪಿನವರು ವರ್ಷದ ಕ್ಯಾಲೆಂಡರಿನ ಮುಖಪುಟಕ್ಕೆ ಅವನ ಮೊದಲ ಕ್ಲಿಕ್ಕನ್ನೇ ಆರಿಸಿದ್ದರು. ಹಲ್ಲು, ನಿನ್ನ ಹಲ್ಲು ಉದುರೋವರೆಗೂ ಈ ಫೋಟೊ ಇರತ್ತೆ ಎಂದು ಕೊಕ್ಕರೆ ಬರೆದು ಕಳಿಸಿದ್ದ. ಅಳಿಯ ಉಬ್ಬಿಕೊಂಡೇ ಗೋಡೆಯ ಫೋಟೊ ಇಳಿಸಿ, ಒಳಕೋಣೆಯ ತನ್ನ ಕೆಲಸದ ಮೇಜಿಗೆ ತಂದ.

ಕಟ್ಟು ಹಳೆಯದು. ಹಿಂದೆ ರಟ್ಟು, ರಟ್ಟಿಗೆ ತುಕ್ಕು ಹಿಡಿದ ಮೊಳೆ, ಅದರ ಮೇಲೆ ಕಂದು ಕಾಗದ ಅಂಟಿಸಿತ್ತು. ಅಂದು ಶೆಡ್ಡಿಗೆ ಕೊಡಲು ಪ್ರತಿ ಮಾಡುವಾಗ ಇದನ್ನು ಬಿಚ್ಚಲು ಅವನಿಗೆ ಧೈರ್ಯ ಸಾಲಿರಲಿಲ್ಲ. ಗೋಡೆಯಲ್ಲಿದ್ದ ಹಾಗೇ ಗಾಜಿನ ಮೇಲೆ ಬೆಳಕು ಹೊಳೆಯದಂತೆ ಕಪ್ಪು ಬಟ್ಟೆ ಹಿಡಿದು, ಗಾಜಿನ ಮೂಲಕವೇ ಫೋಟೊ ತೆಗೆದಿದ್ದ. ಒಂಚೂರೂ ಪ್ರತಿಬಿಂಬ ಬೀಳಿಸದೆ ಹೇಗೆ ತೆಗೆದೆ ಎಂದು ಗುಂಪಿನಲ್ಲಿ ಪಾಠ ಬೇರೆ ಮಾಡಿದ್ದ. ಆಮೇಲೆ ಕಂಪ್ಯೂಟರಿನಲ್ಲಿ ಮಸುಕು ತೆಗೆದು, ನೀಲಿಗೆ ಸ್ವಲ್ಪ ಜೀವ ತುಂಬಿದ್ದ. ಅಂಚಿನಲ್ಲಿ ಒಂದೆಡೆ ಎಳೆಯಷ್ಟು ಹಸಿರು ಇಣುಕಿತ್ತು. ಗಾಜಿಗೆ ಹಿಡಿದ ಪಾಚಿ ಎಂದುಕೊಂಡು ಅದನ್ನು ಕತ್ತರಿಸಿ ಹಾಕಿದ್ದ.

ಮೊಳೆಗಳನ್ನು ಒಂದೊಂದಾಗಿ ಕಿತ್ತು, ಫೋಟೊದ ಸುತ್ತ ಕೂರಿಸಿದ್ದ ರಟ್ಟಿನ ಚೌಕವನ್ನು ಎತ್ತಿದ. ರಟ್ಟು ಮುಚ್ಚಿದ್ದ ಕಡೆ, ನಾಲ್ಕೂ ಅಂಚಿನಲ್ಲಿ, ಬೆರಳಗಲ ಬೇರೆಯೇ ಫೋಟೊ ಇತ್ತು. ನಡುವಿನ ನೀಲಿ ಎಂಜಿನ್ನು ಅಂಚಿಗೆ ಬರುತ್ತಿದ್ದಂತೆ ಗೆರೆ ಕೊರೆದ ಹಾಗೆ ಹಸಿರಾಗಿತ್ತು. ಮಳೆ ನಿಂತ ಮೇಲಿನ ಎಲೆಯಂಥ ದಟ್ಟ ಹಸಿರು. ಬಿಳಿಯ ಪಟ್ಟಿ ಅಲ್ಲಿ ಅರಿಸಿನದ ಹಳದಿ. ಕೆಳಗಿನ ಜಲ್ಲಿಕಲ್ಲಿಗೂ ಅಲ್ಲಿ ಮಣ್ಣಿನ ಬಣ್ಣವಿತ್ತು.

ಅವನು ಕುರ್ಚಿಯಲ್ಲಿ ಕೂತುಬಿಟ್ಟ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಗೋಡೆಗೆ ಎದುರು ಕಿಟಕಿ. ದಿನಾ ಮಧ್ಯಾಹ್ನದ ಬಿಸಿಲು ನೇರ ಫೋಟೊದ ಮೇಲೆ. ಬಿಸಿಲು ಮೊದಲು ಹಳದಿಯನ್ನು ತಿನ್ನುತ್ತದೆ, ಹಸಿರಿನಿಂದ ಹಳದಿ ಹೋದರೆ ಉಳಿಯುವುದು ನೀಲಿ. ಅವನು ಕೆಲಸಕ್ಕೆ ಹೋಗುವ ದಂತವೈದ್ಯರ ಕಿಟಕಿಯಲ್ಲಿ ನಗುವ ಹೆಂಗಸಿನ ಪೋಸ್ಟರಿತ್ತು. ವರ್ಷಾನುಗಟ್ಟಲೆ ಬಿಸಿಲಿಗೆ ಅವಳ ತುಟಿ, ಕೆನ್ನೆ, ಎಲ್ಲ ನೀಲಿಗಟ್ಟಿ ಹೋಗಿತ್ತು. "ಡಾಕ್ಟ್ರೇ, ನಿಮ್ಮ ಪೇಷಂಟಿಗೆ ಉಸಿರು ನಿಂತಿದೆ" ಎಂದು ಅವನೇ ಎಷ್ಟು ಸಲ ತಮಾಷೆ ಮಾಡಿರಲಿಲ್ಲ! ಹೊಟ್ಟೆಪಾಡೇ ಬಣ್ಣ ಹೊಂದಿಸುವುದು. ಒಂದು ಹಲ್ಲು ಪಕ್ಕದ ಹಲ್ಲಿಗಿಂತ ಕೂದಲೆಳೆ ಬೆಳ್ಳಗಾದರೂ ಗುರುತು ಹಿಡಿಯುವ ಕಣ್ಣು. ಆ ಕಣ್ಣು ಊಟದ ತಟ್ಟೆಯ ಎದುರಿಗೇ ಇದ್ದ ಗೋಡೆಯನ್ನು ನೋಡಿರಲಿಲ್ಲ.

ಫೋಟೊವನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಎದ್ದ. ಹೇಳಿಬಿಡಬೇಕೆಂದೇ ಎದ್ದ. ನಡುಮನೆಯಲ್ಲಿ ಮಾವ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹೆಂಡತಿ ಬಾಗಿಲ ಹೊರಗೆ ನಿಂತು, ಬೋಲ್ಟನ್ನು ಮರಕ್ಕೆ ಹಿಡಿದು ಪೆನ್ಸಿಲಿನಲ್ಲಿ ಗುರುತು ಮಾಡುತ್ತಿದ್ದಳು.

"ಇಷ್ಟು ಎತ್ತರ ಸಾಕಾ?" ಎಂದಳು, ಅವನತ್ತ ನೋಡದೆ.

"ಇದು ಬೇಕಾ ನಿಜವಾಗ್ಲೂ?"

ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. "ನೀವು ಪ್ರತಿ ಭಾನುವಾರ ಎಂಜಿನ್ ಹಿಂದೆ ಹೋಗ್ತೀರಿ. ಅಪ್ಪನ ಹಿಂದೆ ಹೋಗೋರು ಯಾರು? ಕೌಂಟರಿನಲ್ಲಿ ಫೋನ್ ರಿಂಗಾದ್ರೆ ಎದೆ ಧಸಕ್ ಅನ್ನತ್ತೆ ನಂಗೆ. ಮಾತ್ರೆ ಎಣಿಸೋದು ತಪ್ಪತ್ತೆ." ಬೋಲ್ಟನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು. "ಅಂಗಡಿಯವನು ವಾಪಸ್ ತಗೋತೀನಿ ಅಂದಿದಾನೆ. ಅಪ್ಪನ ತಲೆ ಸರಿ ಇದೆ ಅನ್ನೋಕೆ ಒಂದೇ ಒಂದು ಕಾರಣ ಕೊಡಿ. ಈಗಲೇ ಹೋಗಿ ಕೊಟ್ಟು ಬರ್ತೀನಿ."

ಕಾರಣ ಅವನ ಕಂಕುಳಲ್ಲಿತ್ತು. ಅದರ ಒಂದು ಮೂಲೆ ಪಕ್ಕೆಲುಬಿಗೆ ಚುಚ್ಚುತ್ತಿತ್ತು. ಹಿತ್ತಾಳೆಯ ತಗಡು ನೆನಪಾಯಿತು. ಇನ್ನೂ ಕೆಲವು ಎಂಜಿನ್ನಿಗೆ ಇದೇ ನೀಲಿ ಹೊಡೆಸೋಣ ಎಂದು ಸಾಹೇಬರು ಚಹಾ ಕುಡಿಯುತ್ತ ಹೇಳಿದ್ದು ನೆನಪಾಯಿತು. ಫೋಟೊ ಸುಳ್ಳು ಹೇಳಲ್ಲ ಎಂದ ತನ್ನದೇ ದನಿ, ಬಾಯಿಗೆ ಕೈ ಅಡ್ಡ ಹಿಡಿದ ಕೊಕ್ಕರೆಯ ಮುಖ. ಈಗ ಅದೇ ಕೈ ಯಾರಿಗಾಗಿ ಏಳುತ್ತದೆ? ಇವೆಲ್ಲದರ ಅಡಿಯಲ್ಲಿ, ಅವನಿಗೇ ನಾಚಿಕೆಯಾಗುವಂತೆ, ಇನ್ನೊಂದು ಯೋಚನೆಯೂ ಸುಳಿಯಿತು: ಬೋಲ್ಟು ಬಿದ್ದರೆ ಭಾನುವಾರಗಳಿಗೆ ಯಾರ ಕಾಟವೂ ಇರುವುದಿಲ್ಲ.

"ನಾಳೆ ಮಾತಾಡೋಣ," ಎಂದ.

"ನಾಳೆ ನನಗೆ ಬೆಳಗ್ಗೇನೇ ಡ್ಯೂಟಿ. ಡ್ರಿಲ್ಲು ನಿಮ್ಮ ಹತ್ರಾನೇ ಇದೆಯಲ್ಲ, ತನ್ನಿ."

ಅವನು ಒಳಗೆ ಹೋಗಿ ಫೋಟೊದ ಮೇಲೆ ರಟ್ಟಿನ ಚೌಕವನ್ನು ಮೊದಲಿನಂತೆಯೇ ಕೂರಿಸಿದ. ಹಸಿರು ಮುಚ್ಚಿಹೋಯಿತು. ಮೊಳೆ ಹೊಡೆದು, ಅದೇ ಗೋಡೆಗೆ, ಅದೇ ಕಿಟಕಿಯ ಎದುರು ತೂಗುಹಾಕಿದ. ಮೂಲ ಫೋಟೊ ತೀರಾ ಜೀರ್ಣವಾಗಿದೆ, ಪ್ರತಿ ಕಳಿಸುತ್ತೇನೆ ಎಂದು ಸಾಹೇಬರಿಗೆ ಬರೆದ. ಆಮೇಲೆ ಡ್ರಿಲ್ಲು ತಂದು, ಬೋಲ್ಟು ಕೂರಿಸಿದ. ಹಲ್ಲು ಕೂರಿಸುವ ಕೈ. ಅಳತೆ ಒಂಚೂರೂ ತಪ್ಪಲಿಲ್ಲ.

ಮೊದಲ ದಿನ ಮಾವ ಬಾಗಿಲು ಬಡಿದರಂತೆ, ಪಕ್ಕದ ಮನೆಯವರು ಹೇಳಿದರು. ಆಮೇಲೆ ಬಡಿಯಲಿಲ್ಲ. ಮಧ್ಯಾಹ್ನ ಗೂಡ್ಸ್ ಗಾಡಿ ಬರುವ ಹೊತ್ತಿಗೆ ಶರಟು ಹಾಕಿಕೊಂಡು ಕಿಟಕಿಯ ಬಳಿ ಕೂರುತ್ತಿದ್ದರು. ಅಲ್ಲಿಂದ ಕಾಣುವುದು ಎದುರುಮನೆಯ ನೀರಿನ ಟ್ಯಾಂಕು. ಊಟ ಕಮ್ಮಿಯಾಯಿತು, ಮಾತೂ ಕಮ್ಮಿಯಾಯಿತು. ಒಮ್ಮೆ ಮಾತ್ರ ಅಳಿಯನನ್ನು ಕರೆದು, "ಅಳಿಯಂದ್ರೇ, ನಾನು ಓಡಿಸಿದ್ದು ಬೇರೆ ಯಾವುದಾದ್ರೂ ಎಂಜಿನ್ ಇರಬಹುದಾ?" ಎಂದು ಕೇಳಿದರು. "ಮಲಕ್ಕೊಳ್ಳಿ ಮಾವ," ಎಂದ ಅವನು.

ಅದಾದ ಒಂದು ರಜೆಯ ದಿನ ಪತ್ರಿಕೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ನೀಲಿ ಎಂಜಿನ್ನಿನ ಬಗ್ಗೆ ಬರೆಯುತ್ತಿದ್ದಳು. ಹಳೆಯ ಡ್ರೈವರನ್ನು ಮಾತಾಡಿಸಬೇಕಿತ್ತು. ಅವಳು ಬರುವ ಮುಂಚೆ ಹೆಂಡತಿ ಅಪ್ಪನಿಗೆ ಗಡ್ಡ ತೆಗೆದು, ತಲೆ ಬಾಚಿದಳು. ಅಳಿಯ ಇಡೀ ಬೆಳಗು ಒಳಗೂ ಹೊರಗೂ ತಿರುಗಿದ. ಮಾವ ಇನ್ನೊಮ್ಮೆ ಹಸಿರು ಎಂದರೆ ಈ ಸಲ ಏನಾದರಾಗಲಿ ಎದ್ದುಹೋಗಿ ಕಟ್ಟು ಬಿಚ್ಚಿ ತೋರಿಸಿಬಿಡಬೇಕು ಎಂದು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದ. ಸ್ಕ್ರೂಡ್ರೈವರು ಜೇಬಿನಲ್ಲೇ ಇತ್ತು.

"ತಾತಾ, ಆ ಎಂಜಿನ್ ಮೊದಲ ಸಲ ನೋಡಿದಾಗ ಹೇಗನ್ನಿಸ್ತು? ಯಾವ ಬಣ್ಣ ಇತ್ತು?"

ಮಾವ ಮಗಳ ಮುಖ ನೋಡಿದರು. ಆಮೇಲೆ ಅಳಿಯನದು. ಆಮೇಲೆ, ಅವಸರವಿಲ್ಲದೆ, ಗೋಡೆಯ ಫೋಟೊ.

"ನೀಲಿ ಇತ್ತಮ್ಮ," ಎಂದರು. "ಎಂಥಾ ನೀಲಿ ಅಂತೀಯ! ತಿರುವಿನಲ್ಲಿ ಬಗ್ಗಿ ಹಿಂದೆ ನೋಡಿದ್ರೆ ಆಕಾಶ ಯಾವುದು ಎಂಜಿನ್ ಯಾವುದು ಗೊತ್ತಾಗ್ತಿರ್ಲಿಲ್ಲ. ಗೇಟಿನ ಹತ್ರ ಮಕ್ಕಳು ನೀಲಿ ಗಾಡಿ, ನೀಲಿ ಗಾಡಿ ಅಂತ ಕೂಗ್ತಿದ್ವು. ನಾನು ಹಾರ್ನ್ ಹೊಡೀತಿದ್ದೆ."

ಹುಡುಗಿ ಬರೆದುಕೊಂಡೇ ಬರೆದುಕೊಂಡಳು. ಅಳಿಯನ ಕೈ ಜೇಬಿನಲ್ಲಿ ಸ್ಕ್ರೂಡ್ರೈವರಿನ ಹಿಡಿಯನ್ನು ಹಿಡಿದುಕೊಂಡೇ ಇತ್ತು. ಅವಳು ಮಾವನನ್ನು ಗೋಡೆಯ ಫೋಟೊದ ಕೆಳಗೆ ನಿಲ್ಲಿಸಿ, ಚಿತ್ರ ತೆಗೆದುಕೊಡಿ ಎಂದು ಅವನನ್ನೇ ಕೇಳಿದಳು. ಅವನು ತೆಗೆದ. ಮಾವ ಹೇಳಿದ ಕಡೆ ನೋಡಿದರು, ಹೇಳಿದಷ್ಟು ನಕ್ಕರು.

ಅವಳು ಹೋದ ಮೇಲೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನೀಲಿ ಅಂದೆನಲ್ಲಮ್ಮ. ಸರಿಯಾಗಿ ಹೇಳಿದೆ ತಾನೆ?"

"ಸರಿಯಾಗಿ ಹೇಳಿದೆ ಅಪ್ಪ."

"ಹಾಗಾದ್ರೆ ನಾಳೆಯಿಂದ ಆ ಬಾಗಿಲು..."

ಅವಳು ಲೋಟ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಲಿಲ್ಲ. "ನೋಡೋಣ ಅಪ್ಪ," ಎಂದಳು. ಅವರು ತಲೆಯಾಡಿಸಿ ಮಂಚಕ್ಕೆ ಹೋದರು. ಅವರ ಚಪ್ಪಲಿಯ ಸದ್ದು ನಿಂತ ಮೇಲೆ ಅವಳು ಗಂಡನತ್ತ ತಿರುಗಿದಳು. ಕಣ್ಣು ಕೆಂಪಾಗಿತ್ತು.

"ನೋಡಿದ್ರಲ್ಲ? ಮೊನ್ನೆ ಅಷ್ಟು ಜನದ ಮುಂದೆ ಹಸಿರು ಅಂತ ಹಟ. ಇವತ್ತು ನೀಲಿ, ಅದಕ್ಕೊಂದು ಕಥೆ. ಒಂದು ಮಾತಿನ ಮೇಲೆ ನಿಲ್ಲೋದಿಲ್ಲ. ಏನು ನಂಬಿ ಬಾಗಿಲು ತೆಗೆದು ಹೋಗ್ಲಿ ಹೇಳಿ?"

ಅವನು ಒರೆಸಿದ ಲೋಟವನ್ನೇ ಮತ್ತೆ ಒರೆಸಿದ.

ಮರುದಿನ ಅವಳಿಗೆ ಬೆಳಗಿನ ಡ್ಯೂಟಿ. ಬಾಗಿಲು ಹಾಕುವ ಸರದಿ ಅವನದಾಯಿತು. ಊಟದ ಡಬ್ಬಿ ಮೇಜಿನ ಮೇಲಿಟ್ಟು, ನೀರಿನ ಜಗ್ಗು ಮಂಚದ ಹತ್ತಿರ ಇಟ್ಟು, "ಬರ್ತೀನಿ ಮಾವ," ಎಂದು ಹೊರಗೆ ಬಂದ. ಬಾಗಿಲು ಎಳೆದುಕೊಂಡು ಬೋಲ್ಟು ಸರಿಸಿದ. ಹೊಸ ಕಬ್ಬಿಣ, ಎಣ್ಣೆ ಬೆರಳಿಗೆ ಹತ್ತಿತು. ಒಳಗೆ ಚಪ್ಪಲಿ ಎಳೆಯುವ ಸದ್ದು ಬಾಗಿಲವರೆಗೆ ಬಂದು ನಿಂತಿತು.

"ಅಳಿಯಂದ್ರೇ."

"ಏನು ಮಾವ?"

"ಸರಿಯಾಗಿ ಬಿತ್ತಾ?"

"ಬಿತ್ತು."

"ಬಿತ್ತು ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲ. ವ್ಯಾಗನ್ ಜೋಡಿಸಿದ ಮೇಲೆ ಒಂದ್ಸಲ ಎಳೆದು ನೋಡಬೇಕು. ತಾಳಿ."

ಬಾಗಿಲು ಒಳಗಿನಿಂದ ಒಮ್ಮೆ ಜಗ್ಗಿತು. ಬೋಲ್ಟು ಕೊಂಡಿಯೊಳಗೆ ಟಣ್ ಎಂದಿತು, ಅಲ್ಲಾಡಲಿಲ್ಲ.

"ಗಟ್ಟಿ ಇದೆ. ಹೊರಡಿ," ಎಂದರು ಮಾವ.